ಮುಯ್ಯಾಳು ಬಾರದ ದಿನ

ಆ ಮುಂಜಾನೆ ಮೂಡಗಾಳಿ ಬಿಟ್ಟಿತ್ತು. ಚಿತ್ತಿ ಮಳೆಯ ಕೊನೆಯ ಪಾದ. ಕೋಗಳಿ ಕಡೆಯ ಆಕಾಶ ಇನ್ನೂ ಬೆಳ್ಳಗಿದ್ದರೂ ಕೂಡ್ಲಿಗಿ ಗುಡ್ಡಗಳ ಮೇಲೆ ಮೋಡ ತೊಯ್ದ ಕಂಬಳಿಯ ಹಾಗೆ ಜೋತುಬಿದ್ದಿತ್ತು. ಅಂಗಳಕ್ಕೆ ನೀರು ಚಿಮುಕಿಸಲು ಬಂದ ಸೌಭಾಗ್ಯ ತಂಬಿಗೆ ಹಿಡಿದುಕೊಂಡೇ ನಿಂತಳು. ದೂರದಲ್ಲೆಲ್ಲೋ ನೆಲ ನೆಂದ ವಾಸನೆ ಗಾಳಿಯಲ್ಲಿತ್ತು. ಬೇರೆ ದಿನವಾಗಿದ್ದರೆ ಆ ವಾಸನೆಗೆ ಅವಳ ಮೈ ಹಗುರಾಗುತ್ತಿತ್ತು, ಶಿವನೇ ಎಂದು ಒಮ್ಮೆ ಕಣ್ಣು ಮುಚ್ಚುತ್ತಿದ್ದಳು. ಇವತ್ತು ಮೊದಲು ನೆನಪಾದದ್ದು ಈರಕ್ಕನ ನವಣೆ. ಹಣ್ಣಾಗಿ ಬಾಗಿದ ನವಣೆಗೆ ಮಳೆಯ ಪೆಟ್ಟು ಬಿದ್ದರೆ ಮಲಗುತ್ತದೆ. ಮಲಗಿದ್ದು ಏಳುವುದಿಲ್ಲ, ನೆಲದಲ್ಲೇ ಮೊಳಕೆ ಒಡೆಯುತ್ತದೆ. ಅದನ್ನು ಇವತ್ತು ಕೊಯ್ಯಬೇಕಿತ್ತು. ಕೊಯ್ಯಲು ಬರುತ್ತೇವೆಂದು ಮಾತು ಕೊಟ್ಟವಳು ತಾನೇ.

ಸೋಮವಾರ ನಲ್ಲಿಯ ಹತ್ತಿರ ಕೊಡ ತುಂಬುವಾಗ ಈರಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ, ಯಾರನ್ನೂ ನೋಡದೆ, "ನಂದು ಹಣ್ಣಾಗೈತಬೇ" ಎಂದಿದ್ದಳು. ಆ ಊರಲ್ಲಿ ಅಷ್ಟು ಸಾಕು, ಅದೇ ಕರೆ. "ಗುರುವಾರ ಬರ್ತೀವಿ ತಗಾ ಯಕ್ಕಾ, ಎಲ್ಲಾರೂ" ಎಂದಿದ್ದಳು ಸೌಭಾಗ್ಯ. ಕಳೆ ತೆಗೆಯುವ ಕಾಲಕ್ಕೆ ಈರಕ್ಕ ಎಲ್ಲರ ಹೊಲದಲ್ಲೂ ಬೆನ್ನು ಬಗ್ಗಿಸಿದ್ದಳು. ಅವಳ ಗಂಡ ಚೌಡಣ್ಣ ಕುರಿ ಹೊಡೆದುಕೊಂಡು ಹಲವಾಗಲಿನ ಕಡೆ ಹೊಳೆದಂಡೆಗೆ ಹೋದವನು ದೀಪಾವಳಿ ಕಳೆದ ಮೇಲೆಯೇ ತಿರುಗುವುದು. ಮುಯ್ಯಾಳುಗಳಲ್ಲದೆ ಅವಳ ಹೊಲಕ್ಕೆ ಬೇರೆ ಕೈಗಳಿಲ್ಲ. ಹೀಗಿರುವಾಗ ನಿನ್ನೆ ಸಂಜೆ ರೊಟ್ಟಿ ಬಡಿಯುತ್ತಿದ್ದ ಹೊತ್ತಿಗೆ ಫೋನು ಬಂತು. ಕೃಷಿ ಇಲಾಖೆಯ ಕ್ರಾಂತಿಕುಮಾರ್. "ಅಕ್ಕಾರ, ನಿಮ್ಮ ಹೊಲದಾಗ ಶನಿವಾರ ಇಟ್ಟಿದ್ದ ಮಿಷನ್ ಕೊಯ್ಲು ನಾಳಿಗೇ ಮಾಡ್ಬೇಕಾಗೈತ್ರಿ. ದೊಡ್ಡ ಸಾಹೇಬ್ರು ನಾಳೆ ಬರ್ತಾರಂತ. ಮಿಷನ್ ರಾತ್ರೀನೇ ಹೊಂಡ್ತೈತಿ. ಕಂಪನಿ ಹೆಣ್ಮಕ್ಳು ಎಲ್ಲಾರೂ ಇರ್ಬೇಕು ನೋಡ್ರಿ, ಹಸಿರು ಸೀರಿ ಉಟ್ಕೊಂಡು." ಹಿಟ್ಟು ಹತ್ತಿದ ಕೈಯಲ್ಲಿ ಫೋನು ಜಾರದಂತೆ ಹಿಡಿಯುವ ಗಡಿಬಿಡಿಯಲ್ಲಿ ಅವಳು "ಆತು ಸಾರ್" ಎಂದಳು. ಅಂದ ಮೇಲೆ ನೆನಪಾಯಿತು, ನಾಳೆ ಗುರುವಾರ. ಆ ಕಡೆ ಫೋನು ಇಟ್ಟಾಗಿತ್ತು. ಮತ್ತೆ ಹಚ್ಚಬಹುದಿತ್ತು. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು, ಅದನ್ನು ಮಗುಚಿದಳು.

ಅವಳು ಅಧ್ಯಕ್ಷೆ. ಸಿರಿಧಾನ್ಯ ಬೆಳೆಯುವ ಹೆಣ್ಣುಮಕ್ಕಳೇ ಕೂಡಿ ಕಟ್ಟಿದ ಕಂಪನಿಗೆ ಅವಳ ಹೆಸರಿನ ಮೊಹರು ಇತ್ತು. ಒಕ್ಕಲುತನವನ್ನು ಮತ್ತೆ ಎತ್ತಿ ನಿಲ್ಲಿಸಬೇಕು, ಬಿಟ್ಟುಹೋದ ನವಣೆ ಸಾವೆ ಮತ್ತೆ ಹೊಲಕ್ಕೆ ಬರಬೇಕು, ಹಳ್ಳಿಯ ಹೆಣ್ಣಿನ ಬೆನ್ನಿಗೆ ಬಿಡುವು ಸಿಗಬೇಕು ಎಂದು ಸರ್ಕಾರ ಹೊಸ ನೀತಿ ಮಾಡಿತ್ತು. ಆ ನೀತಿ ದೂರದಿಂದ ನಡೆದು ಬಂದು ಕೊನೆಗೆ ಇವರ ಊರಿನಲ್ಲಿ ಒಂದು ಕೊಯ್ಯುವ ಯಂತ್ರವಾಗಿ ನಿಲ್ಲಲಿತ್ತು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೊಯ್ಲು ಮುಗಿದ ರಾತ್ರಿಗಳಲ್ಲಿ ಅವಳ ಅತ್ತೆ ಮಗ್ಗುಲು ಬದಲಿಸಲಾಗದೆ ನರಳುತ್ತಿದ್ದುದನ್ನು ಅವಳು ಕೇಳಿದ್ದಳು. ಯಂತ್ರ ಬೇಕೆಂದು ಕೈ ಎತ್ತಿದವರಲ್ಲಿ ಅವಳೇ ಮೊದಲನೆಯವಳು.

"ಈರಕ್ಕಗ ಹೇಳಿದೇನ?" ಎತ್ತಿಗೆ ಮೇವು ಹಾಕುತ್ತಿದ್ದ ಗಂಡ ಮೈಲಾರೇಶ್ ತಲೆಯೆತ್ತದೆ ಕೇಳಿದ.

"ಹಂಪಮ್ಮಗ ಹೇಳೀನಿ, ಎಲ್ಲಾರಿಗೂ ಮುಟ್ಸು ಅಂತ. ಹೇಳಿರ್ತಾಳ."

"ಹೇಳಿರ್ತಾಳ ಅನ್ನಾದು ಬ್ಯಾರೆ, ಹೇಳ್ಯಾಳ ಅನ್ನಾದು ಬ್ಯಾರೆ."

"ನೀ ಮುಂಜಾನೆದ್ದು ಪುರಾಣ ಹಚ್ಬ್ಯಾಡ. ಹೋಗ್ತಾ ನಾನ ಹೇಳ್ತೀನಿ."

ಹೋಗುತ್ತಾ ಅವಳು ಹೇಳಲಿಲ್ಲ. ಈರಕ್ಕನ ಮನೆಗೆ ಚಿಲಕ ಹಾಕಿತ್ತು. ಆದರೆ ಮುಚ್ಚಿದ ಬಾಗಿಲಿನ ಸಂದಿಯಿಂದ ಸುಟ್ಟ ಜೋಳದ ರೊಟ್ಟಿಯ, ಒಗ್ಗರಣೆಗೆ ಬಿದ್ದ ಬೆಳ್ಳುಳ್ಳಿಯ, ಪುಂಡಿಪಲ್ಯದ ಹುಳಿಯ ವಾಸನೆ ಇನ್ನೂ ಬೀದಿಗೆ ಬರುತ್ತಿತ್ತು. ಒಬ್ಬರ ಅಡುಗೆಗೆ ಅಷ್ಟು ವಾಸನೆ ಏಳುವುದಿಲ್ಲ. ಮುಯ್ಯಾಳಿಗೆ ಕೂಲಿಯಿಲ್ಲ, ಹೊಟ್ಟೆ ತುಂಬ ಬುತ್ತಿ ಮಾತ್ರ. ಬಂದವರೆಲ್ಲ ಉಂಡು ಇನ್ನೊಂದಿಷ್ಟು ಮಿಗುವಂತೆ ಮಾಡುವುದು ಹೊಲದವಳ ಮರ್ಯಾದೆ. ಕೋಳಿ ಕೂಗುವ ಮೊದಲೇ ಎದ್ದು ರೊಟ್ಟಿ ಬಡಿದಿದ್ದಾಳೆ ಎಂದು ಸೌಭಾಗ್ಯಳಿಗೆ ತಿಳಿಯಿತು. ಊರು ದಾಟಿದರೆ ಬೇವಿನ ಮರದ ಹತ್ತಿರ ದಾರಿ ಎರಡಾಗುತ್ತದೆ. ಕೆಳಗಿನದು ಈರಕ್ಕನ ಬದುವಿನ ಮೇಲೆ ಹಾದು ಹೋಗುವುದು, ಮೇಲಿನದು ಬಳಸು. ಹೊಸ ಸೀರೆಯ ಅಂಚು ಇಬ್ಬನಿಗೆ ತೊಯ್ಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಅವಳು ಮೇಲಿನ ದಾರಿ ಹಿಡಿದಳು. ಆ ದಾರಿಯಲ್ಲೂ ಹುಲ್ಲಿತ್ತು, ಹುಲ್ಲಿನ ಮೇಲೆ ಇಬ್ಬನಿಯೂ ಇತ್ತು.

ಸೌಭಾಗ್ಯಳ ಹೊಲದಲ್ಲಿ ಆಗಲೇ ಜಾತ್ರೆ ಕೂಡಿದಂತಿತ್ತು. ಶಾಮಿಯಾನ, ಬ್ಯಾನರು, ಬ್ಯಾನರಿನ ಮೇಲೆ ನಗುವ ಯಾರೋ ರೈತ ಹೆಂಗಸು. ಅವಳ ಕೈಯಲ್ಲಿ ಇದ್ದದ್ದು ನವಣೆಯಲ್ಲ, ಗೋಧಿಯ ತೆನೆ. ಕೆಂಪು ಯಂತ್ರ ಹೊಲದ ಬಾಯಿಗೆ ಬಂದು ನಿಂತಿತ್ತು. ಹಸಿರು ಸೀರೆಯ ಹೆಂಗಸರು ಅದರ ಸುತ್ತ ಸುಳಿದು, ಹಲ್ಲಿನ ಸಾಲನ್ನು ಬೆರಳಿನಿಂದ ಮುಟ್ಟಿ, ಮುಟ್ಟಿದ್ದಕ್ಕೆ ನಗುತ್ತಿದ್ದರು.

"ನಮ್ಮತ್ತಿ ಬಾಯಿ ಇದ್ದಂಗ ಐತಿ ನೋಡ್ರೆಬೇ," ಎಂದಳು ಹಂಪಮ್ಮ. "ಮುಂದ ಸಿಕ್ಕಿದ್ದು ಏನೂ ಬಿಡಂಗಿಲ್ಲ."

"ನಿಮ್ಮತ್ತಿ ಬರೇ ನುಂಗ್ತಾಳ. ಇದು ಕಾಳನ್ನರ ಹೊರಗ ಕೊಡ್ತೈತಿ," ಎಂದು ಇನ್ನೊಬ್ಬಳು ಅಂದದ್ದೇ ನಗು ಎದ್ದಿತು. ಸೌಭಾಗ್ಯಳೂ ನಕ್ಕಳು. ನಗುತ್ತಲೇ ಅವಳ ಕಣ್ಣು ಕೆಳಗೆ ಹೋಯಿತು. ಅವಳ ಹೊಲ ದಿಬ್ಬದ ಮೇಲೆ, ಈರಕ್ಕನದು ತಗ್ಗಿನಲ್ಲಿ. ಅಲ್ಲಿ ನವಣೆಯ ಹಳದಿಯ ನಡುವೆ ಹಸಿರಾಗಿ ನಿಂತ ತೊಗರಿಯ ಅಕ್ಕಡಿ ಸಾಲುಗಳು, ಬದುವಿನ ಮೇಲೆ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿ, ಬುಟ್ಟಿಯ ಪಕ್ಕ ಕೊಡ. ಈರಕ್ಕ ಇನ್ನೂ ಕೊಯ್ಯಲು ಹಚ್ಚಿರಲಿಲ್ಲ. ಮೊದಲ ಹಿಡಿ ತೆನೆ ಕೊಯ್ದು ಭೂಮ್ತಾಯಿಗೆ ಇಟ್ಟು, ಅರಿಸಿನ ಕುಂಕುಮ ಏರಿಸಿ, ಊರಿನ ದಾರಿಯ ಕಡೆ ಮುಖ ಮಾಡಿ ನಿಂತಿದ್ದಳು. ಪೂಜೆಯ ಆ ಒಂದು ಹಿಡಿ ಬಿಟ್ಟರೆ, ಮುಯ್ಯಾಳು ಬಂದು ಸಾಲು ಹಿಡಿಯುವ ಮೊದಲು ಹೊಲದವಳು ಕುಡುಗೋಲು ಹಾಕಬಾರದು. ಅವಳು ಕಾಯುತ್ತಿದ್ದಳು. ದಿಬ್ಬದ ಮೇಲಿನ ಶಾಮಿಯಾನ ಅವಳಿಗೆ ಕಂಡಿರಲೇಬೇಕು, ಹಸಿರು ಸೀರೆಗಳೂ ಕಂಡಿರಬೇಕು. ಆದರೂ ಅವಳು ನೋಡುತ್ತಿದ್ದದ್ದು ದಾರಿಯನ್ನು.

ದೊಡ್ಡ ಸಾಹೇಬರು ತಡವಾಗಿ ಬಂದರು. ಮೆದು ಮಾತಿನ ಮನುಷ್ಯ. ಚಪ್ಪಲಿ ಬಿಟ್ಟು ಹೊಲಕ್ಕೆ ಕಾಲಿಟ್ಟರು, ಅದು ಸೌಭಾಗ್ಯಳಿಗೆ ಹಿಡಿಸಿತು. ಸುಮ್ಮನೆ ಕುತೂಹಲಕ್ಕೆಂಬಂತೆ ಕೇಳಿದರು, "ಇಷ್ಟು ದಿನ ಹೇಗೆ ಕೊಯ್ತಿದ್ರಿ ತಾಯಿ? ಕೂಲಿ ಎಷ್ಟು ಬೀಳ್ತಿತ್ತು?"

"ಕೂಲಿ ಇಲ್ರಿ. ಮುಯ್ಯಾಳು."

"ಅಂದರೆ?"

"ಅವ್ರು ನಮ್ಮ ಹೊಲಕ್ಕ ಒಂದಿನ ಬರ್ತಾರ್ರಿ, ನಾವು ಅವ್ರ ಹೊಲಕ್ಕ ಒಂದಿನ ಹೋಗ್ತೀವಿ."

"ಒಳ್ಳೇದು. ವರ್ಷದ ಕೊನೆಗೆ ಎಲ್ಲಾ ಚುಕ್ತಾ ಮಾಡ್ಕೊಳ್ತೀರಿ."

"ಚುಕ್ತಾ ಮಾಡಂಗಿಲ್ರಿ," ಎಂದು ಹಂಪಮ್ಮ ನಡುವೆ ಬಾಯಿ ಹಾಕಿದಳು. "ಒಂದಿನ ಉಳಿಸ್ಕೊಂತೀವ್ರಿ. ಪೂರಾ ತೀರಿಸಿದ್ರ ಜಗಳ ಆಗೇತಿ ಅಂತ ಅರ್ಥ."

ಸಾಹೇಬರು ಚೆನ್ನಾಗಿದೆ ಎಂದು ನಕ್ಕು ಮುಂದೆ ಹೋದರು. ಸೌಭಾಗ್ಯ ಅಲ್ಲೇ ನಿಂತಳು. ಹಂಪಮ್ಮ ನಗೆಚಾಟಿಕೆಯಂತೆ ಅಂದ ಮಾತು ಅವಳ ಒಳಗೆ ಬಾವಿಗೆ ಬಿದ್ದ ಕಲ್ಲಿನಂತೆ ಇಳಿಯುತ್ತಾ ಹೋಯಿತು. ನೀಲಗುಂದದಿಂದ ಈ ಊರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅವಳಿಗೆ ಇದು ಗೊತ್ತಿರಲಿಲ್ಲ. ಒಂದು ವರ್ಷ ಚೌಡಣ್ಣನ ಕುರಿಗಳಿಗೆ ನೀಲಿ ನಾಲಗೆ ರೋಗ ಬಡಿದು ಈರಕ್ಕ ಅಡವಿಗೆ ಓಡಿದಾಗ, ಬಿತ್ತನೆಯ ಹದ ಆರುತ್ತದೆಂದು ಸೌಭಾಗ್ಯ ಯಾರೂ ಕರೆಯದೆ ಅವಳ ಹೊಲಕ್ಕೆ ಹೋಗಿ ಬೀಜ ಹಾಕಿಸಿ ಬಂದಿದ್ದಳು. ಈರಕ್ಕ ತಿರುಗಿ ಬಂದವಳು, ಸತ್ತ ಕುರಿಗಳ ಲೆಕ್ಕ ಹೇಳದೆ, ಬಿತ್ತಿದ ಸಾಲುಗಳನ್ನೇ ನೋಡುತ್ತಾ ಬಹಳ ಹೊತ್ತು ನಿಂತಳು. ಆ ದಿನವನ್ನು ಅವಳು ತೀರಿಸಲಿಲ್ಲ. ಮುಂದಿನ ಎಷ್ಟೋ ದಿನಗಳನ್ನು ಕೊಟ್ಟಳು, ತೆಗೆದುಕೊಂಡಳು, ಆದರೆ ಆ ದಿನವನ್ನು ಮಾತ್ರ ಬೇರೆ ಇಟ್ಟಳು. ಸೌಭಾಗ್ಯ ತಿಳಿಯದೆ ಒಮ್ಮೆ ಕೇಳಿದ್ದಕ್ಕೆ, "ಅದು ಇರ್ಲಿಬೇ. ಅದು ಇರಾತನಕ ನಾ ನಿನ್ನ ಬಾಗ್ಲಿಗೆ ಕರೀದಂಗ ಬರಬೌದು. ತೀರಿಸಿಬಿಟ್ರ ನೀ ಯಾರೋ, ನಾ ಯಾರೋ" ಎಂದಿದ್ದಳು. ಹಾಗೆಯೇ ಬರುತ್ತಿದ್ದಳು ಕೂಡ. ಸೌಭಾಗ್ಯಳ ಎರಡನೆಯ ಬಸಿರು ನಿಲ್ಲದೆ ಹೋದ ದಿನ ಕರೆಯದೆ ಬಂದವಳು ಅವಳೇ. ಬಂದು, ಹಿತ್ತಲಲ್ಲಿ ಬಿದ್ದಿದ್ದ ಪಾತ್ರೆಗಳನ್ನೆಲ್ಲ ತಿಕ್ಕಿಟ್ಟು ಹೋಗಿದ್ದಳು.

ಯಂತ್ರ ಗುಡುಗಿತು. ತೆಂಗಿನಕಾಯಿ ಒಡೆದರು, ಊದುಬತ್ತಿಯ ಹೊಗೆ ಡೀಸೆಲ್ ಹೊಗೆಯಲ್ಲಿ ಬೆರೆಯಿತು. ಎಂಟು ಹೆಂಗಸರು ಇಡೀ ದಿನ ಹಿಡಿಯುವ ಹೊಲ ಅದರ ಮುಂದೆ ಚಾಪೆ ಸುತ್ತಿದಂತೆ ಮುಗಿಯುತ್ತಾ ಬಂತು. ಒಂದು ಕಡೆಯಿಂದ ಕಾಳು ಧಾರೆಯಾಗಿ ಟ್ರಾಲಿಗೆ ಸುರಿಯುವುದನ್ನು ಕಂಡಾಗ ಅವಳ ಕಣ್ಣಲ್ಲಿ ನೀರು ಬಂತು, ಅದು ಸಂತೋಷದ್ದೇ. ಬಗ್ಗದೆ, ಅಂಗೈ ಹರಿಯದೆ, ತೆನೆಯ ಸುಂಕು ಮೈಗೆ ಚುಚ್ಚದೆ ಕಾಳು ಮನೆಗೆ ಬರಬಹುದೆಂದು ಅವಳ ಮೈ ಎಂದೂ ನಂಬಿರಲಿಲ್ಲ. ಆ ಸಂತೋಷವನ್ನು ಯಾರಿಗಾದರೂ ಹೇಳಬೇಕೆನಿಸಿ ತಿರುಗಿದಾಗ, ತಗ್ಗಿನ ಹೊಲದಲ್ಲಿ ಈರಕ್ಕ ದಾರಿ ನೋಡುವುದನ್ನು ಬಿಟ್ಟಿದ್ದಳು. ಒಬ್ಬಳೇ ಬಗ್ಗಿದ್ದಳು. ತೊಗರಿ ಗಿಡಗಳ ನಡುವೆ ಅವಳ ಕೆಂಪು ಸೀರೆಯ ಬೆನ್ನು ಮಾತ್ರ ಕಾಣುತ್ತಿತ್ತು.

"ಆ ಹೊಲ ಯಾರ್ದಕ್ಕಾ?" ಕ್ರಾಂತಿಕುಮಾರ್ ಪಕ್ಕಕ್ಕೆ ಬಂದು ನಿಂತಿದ್ದ. "ಅವ್ರು ಕಂಪನಿಗೆ ಸೇರಿಲ್ಲೇನು? ಮಿಷನ್ ಅಲ್ಲಿಗೂ ಕಳಿಸ್ಬೌದಿತ್ತಲ್ಲ."

"ಅಕ್ಕಡಿ ಹೊಲ ಸಾರ್. ತೊಗರಿ ಇನ್ನಾ ಹೂವಿನಾಗೈತಿ. ಮಿಷನ್ ಬಿಟ್ರ ಅದನ್ನೂ ಕೊಯ್ತೈತಿ."

"ಮುಂದಿನ ವರ್ಷ ಒಂದೇ ಬೆಳೆ ಹಾಕ್ಸಿ. ಎಲ್ಲಾರೂ ಒಂದೇ ನಮೂನಿ ಹಾಕಿದ್ರೇನೇ ಇದು ನಡ್ಯಾದು." ಅವನು ಸ್ವಲ್ಪ ಸುಮ್ಮನಿದ್ದು, ದನಿ ತಗ್ಗಿಸಿ ಹೇಳಿದ, "ಆಗ ಸಾಹೇಬ್ರಿಗೆ ಮುಯ್ಯಾಳು ಅಂತ ಹೇಳಿದ್ರಲ್ಲ ಅಕ್ಕಾ. ನಮ್ಮವ್ವ ಈ ಸೀಮಿಯಾಗ ಕೊಯ್ಯದ ಹೊಲ ಇಲ್ಲ. ಆಕಿನ್ನ ಯಾರೂ ಮುಯ್ಯಿಗೆ ಕರೀಲಿಲ್ಲ. ನಮಗ ಹೊಲ ಇದ್ರಲ್ಲ, ಅವ್ರು ತಿರುಗಿ ಬರಾಕ? ಕೂಲಿ, ಅದೂ ದೂರದಿಂದ ಸೆರಗಿಗೆ ಹಾಕ್ತಿದ್ರು. ಮಿಷನ್ ಬಂದ್ರ ನನಗೇನೂ ಬ್ಯಾಸ್ರಿಲ್ಲ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವನ ತಾಯಿಯ ಮುಖವನ್ನು ನೆನಪಿಸಿಕೊಳ್ಳಲು ನೋಡಿದಳು. ತಮ್ಮ ಹೊಲಕ್ಕೂ ಬಂದಿರಬೇಕು. ಕಣ್ಣ ಮುಂದೆ ಬಂದದ್ದು ಬದುವಿನ ಆಚೆ ಬೇರೆ ಕೂತು ಉಣ್ಣುವ ಒಂದು ಬೆನ್ನು ಮಾತ್ರ. ತಾನು ಇಷ್ಟು ಹೊತ್ತು ಎದೆಗೆ ಅವಚಿಕೊಂಡಿದ್ದ ಮುಯ್ಯಾಳಿನ ಒಳ್ಳೆಯತನಕ್ಕೂ ಹೀಗೊಂದು ಬೆನ್ನಿತ್ತು. ಹಾಗಂತ ಈರಕ್ಕನಿಗೆ ಕೊಟ್ಟ ಮಾತು ಹಗುರಾಯಿತೇ? ಒಂದು ಕ್ಷಣ ಹಗುರಾದಂತೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ಅವಳಿಗೆ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಯಿತು.

ಯಂತ್ರ ನಿಂತ ಕೂಡಲೇ ಅವಳು ಹಂಪಮ್ಮನ ರಟ್ಟೆ ಹಿಡಿದಳು. "ಇನ್ನಾ ಹೊತ್ತೈತಿ. ನಡೀರಿ, ಎಲ್ಲಾರೂ ಈರಕ್ಕನ ಹೊಲಕ್ಕ ಹೋಗಾಣ. ಮಳಿ ಬರಾದ್ರಾಗ ಮುಗಸಾಣ."

"ಆಕಿ ಇವತ್ತು ಯಾಕ ಕೊಯ್ಯಾಕ ಹತ್ಯಾಳ?" ಎಂದಳು ಹಂಪಮ್ಮ. "ನೀ ಬ್ಯಾಡಂತ ಹೇಳಿಲ್ಲೇನ?"

"ನೀ ಹೇಳಿಲ್ಲೇನ?"

"ನಾನೆಲ್ಲಿ? ಕಂಪನಿಯಾರಿಗೆ ಮುಟ್ಸು ಅಂದಿ, ಮುಟ್ಟಿಸ್ದೆ. ಆಕಿ ಕಂಪನಿಯಾಗ ಅದಾಳೇನು? ಈರಕ್ಕಗ ನೀನ ಹೇಳಿರ್ತಿ ಅಂದ್ಕಂಡೆ. ನಿಮ್ಮಿಬ್ರುದು ಬ್ಯಾರೇನ ಅಲ್ಲ?"

ಅಷ್ಟರಲ್ಲಿ ಮೊದಲ ಹನಿ ಬಿತ್ತು. ದಪ್ಪ ಹನಿ, ಬಿದ್ದಲ್ಲಿ ಧೂಳು ಹಾರಿತು. ಟ್ರಾಲಿಗೆ ತಾಡಪಾಲು ಎಳೆದರು, ಕಾಳು ಉಳಿಯಿತು. ಎಲ್ಲರೂ ಶಾಮಿಯಾನದ ಕೆಳಗೆ ನುಗ್ಗಿದರು. ಆಮೇಲೆ ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯತೊಡಗಿತು. ನೀರಿನ ಪರದೆಯ ಆಚೆ ತಗ್ಗಿನ ಹಳದಿ ಮೊದಲು ಅಲೆಯಂತೆ ಬಾಗಿತು, ಎದ್ದಿತು, ಮತ್ತೆ ಬಾಗಿತು, ಏಳಲಿಲ್ಲ. ಕೆಂಪು ಸೀರೆ ಇನ್ನೂ ಬಗ್ಗಿಯೇ ಇತ್ತು. ಈಗ ಓಡಬೇಕು ಎಂದು ಸೌಭಾಗ್ಯಳ ಕಾಲುಗಳಿಗೆ ಗೊತ್ತಿತ್ತು. ಆದರೆ ದೊಡ್ಡ ಸಾಹೇಬರು ಅವಳ ಪಕ್ಕದಲ್ಲೇ ನಿಂತು ಮುಂದಿನ ಹಂಗಾಮಿನ ಬಗ್ಗೆ ಏನೋ ಕೇಳುತ್ತಿದ್ದರು, ಯಾರೋ ಅವಳ ಕೈಗೆ ಪಲಾವಿನ ತಟ್ಟೆ ಕೊಟ್ಟಿದ್ದರು, ಅವಳು ಹೌದ್ರಿ ಹೌದ್ರಿ ಎನ್ನುತ್ತಿದ್ದಳು. ಒಂದು ತುತ್ತು ಬಾಯಿಗೂ ಇಟ್ಟಳು. ಅದು ಬಿಸಿಯಾಗಿತ್ತು, ರುಚಿಯಾಗಿತ್ತು.

ಮಳೆ ಹೊಳವಾಗುತ್ತಲೇ ಜೀಪು ಹತ್ತಿಸಿಕೊಂಡು ಕೊಟ್ಟೂರಿಗೆ ಕರೆದೊಯ್ದರು. ಅಲ್ಲಿ ಸಭೆ, ಅಧ್ಯಕ್ಷೆಯ ಎರಡು ಮಾತು. ಏನು ಮಾತಾಡಿದೆನೆಂದು ಅವಳಿಗೆ ಆಮೇಲೆ ನೆನಪಾಗಲಿಲ್ಲ, ಚಪ್ಪಾಳೆ ನೆನಪಿತ್ತು. ತಿರುಗಿ ಬರುವಾಗ ಜೀಪಿನ ಕಿಟಕಿಯಿಂದ ಬಸವೇಶ್ವರನ ಗುಡಿಯ ಗೋಪುರ ಕಂಡಿತು. ಯಾವಾಗಲೂ ತಾವಾಗಿಯೇ ಎದೆಗೆ ಹೋಗುವ ಕೈಗಳು ಇವತ್ತು ಮಡಿಲಲ್ಲೇ ಉಳಿದವು. ಕೇಳಿಕೊಳ್ಳಲು ಏನಿತ್ತು? ಬಿದ್ದ ಬೆಳೆಯನ್ನು ಎಬ್ಬಿಸು ಎಂದೇ? ದೇವರು ಯಾರ ಮಾತನ್ನೂ ಮರೆತಿರಲಿಲ್ಲ. ಮಳೆ ಬರುವುದೆಂದು ಮುಂಜಾನೆಯೇ ವಾಸನೆಯಲ್ಲಿ ಹೇಳಿ ಕಳಿಸಿದ್ದ.

ಬೇವಿನ ಮರದ ಹತ್ತಿರ ಇಳಿದು, ಮನೆಗೂ ಹೋಗದೆ, ಈ ಸಲ ಕೆಳಗಿನ ದಾರಿ ಹಿಡಿದಳು. ಮೋಡ ಒಡೆದು ಇಳಿಬಿಸಿಲು ಬಿದ್ದಿತ್ತು. ಈರಕ್ಕನ ಹೊಲ ಎಮ್ಮೆ ಹೊರಳಾಡಿದ ಹಾಗೆ ಮಲಗಿತ್ತು. ಕೊಯ್ದದ್ದು ಎರಡು ಸಾಲು, ಅದೂ ನೀರಲ್ಲಿ. ತೊಗರಿ ಮಾತ್ರ ತೊಳೆದಂತೆ ಹಸಿರಾಗಿ ನಿಂತಿತ್ತು. ಬದುವಿನ ಮೇಲೆ ಬುಟ್ಟಿ ಇರಲಿಲ್ಲ. ಬುಟ್ಟಿ ಇದ್ದ ಜಾಗದಲ್ಲಿ ರೊಟ್ಟಿಗಳನ್ನು ಒಂದೊಂದಾಗಿ, ಪಂಕ್ತಿಯಲ್ಲಿ ಬಡಿಸಿದ ಹಾಗೆ ಸಾಲಾಗಿ ಇಟ್ಟಿತ್ತು, ಒಂದೊಂದರ ಮೇಲೂ ಚೂರು ಪಲ್ಯ. ಗೊರವಂಕಗಳು ಬಂದು ಕುಕ್ಕುತ್ತಿದ್ದವು. ಬಾರದವರ ಪಾಲನ್ನು ಮನೆಗೆ ಒಯ್ಯಬಾರದೆಂದು ಅವಳು ಹಕ್ಕಿಗೆ ಇಟ್ಟಿದ್ದಳು. ಸೌಭಾಗ್ಯ ಹಸಿರು ಸೀರೆಯ ಕಚ್ಚೆ ಕಟ್ಟಿ ಕೆಸರಿಗೆ ಇಳಿದಳು. ಕುಡುಗೋಲು ಇರಲಿಲ್ಲ, ಬರಿಗೈಯಲ್ಲಿ ಒಂದು ಹಿಡಿ ಎತ್ತಿದಳು. ತೆನೆಯಿಂದ ಕಾಳು ಬೆರಳ ಸಂದಿಯಲ್ಲಿ ಜಾರಿ ಕೆಸರಿಗೆ ಬಿತ್ತು. ಇನ್ನೊಂದು ಹಿಡಿ ಎತ್ತಿದಳು, ಅದೂ ಬಿತ್ತು. ಎತ್ತಿದಷ್ಟೂ ತಾನೇ ಉದುರಿಸುತ್ತಿದ್ದೇನೆಂದು ತಿಳಿದು ನಿಂತಳು. ಬೆನ್ನು ನೆಟ್ಟಗೆ ಮಾಡಿದಾಗ ದಿಬ್ಬದ ಮೇಲೆ, ತನ್ನ ಹೊಲದಲ್ಲಿ, ಯಾರೋ ಬಗ್ಗಿರುವುದು ಕಂಡಿತು.

ಅವಳು ದಿಬ್ಬ ಹತ್ತಿ ಬಂದಳು. ಯಂತ್ರ ತಿರುಗಲಾರದ ಮೂಲೆಗಳು, ಬದುವಿನ ಅಂಚು, ಕಲ್ಲುಗುಡ್ಡೆಯ ಸುತ್ತ ಬಿಟ್ಟುಹೋದ ನವಣೆ. ಅದನ್ನೆಲ್ಲ ಕೊಯ್ದು, ಸಿವುಡು ಕಟ್ಟಿ, ನೀರು ಇಳಿಯುವಂತೆ ಕಲ್ಲಿಗೆ ಆನಿಸಿ ಇಟ್ಟಿತ್ತು. ಮಳೆ ನಿಂತಾಗಿನಿಂದ ಹಚ್ಚಿದ ಕೆಲಸ. ಈರಕ್ಕ ಕೊನೆಯ ಮೂಲೆಯಲ್ಲಿದ್ದಳು. ಅವಳ ಕೆಂಪು ಸೀರೆ ಮೈಮೇಲೆಯೇ ಒಣಗಿತ್ತು.

"ಯಕ್ಕಾ."

ಈರಕ್ಕ ತಿರುಗಿ ನೋಡಿದಳು. ಮುಖದಲ್ಲಿ ಸಿಟ್ಟು ಇರಲಿಲ್ಲ. ಇದ್ದರೆ ಸೌಭಾಗ್ಯ ಕಾಲು ಹಿಡಿಯುತ್ತಿದ್ದಳು.

"ಬಂದೇನಬೇ. ಮಿಷನ್ ಮೂಲಿ ಬಿಡ್ತೈತಿ ನೋಡು. ಕಾಳು ಚಲೋ ಅದಾವ."

"ನಿಂದು... ನಾ ಹೇಳಬೇಕಾಗಿತ್ತು ಯಕ್ಕಾ. ಹಂಪಮ್ಮ ಹೇಳ್ಯಾಳ ಅಂತ..."

"ನಂದು ಮಲಗೈತಿ. ಕೈ ಖಾಲಿ ಇದ್ವು." ಅವಳು ಮತ್ತೆ ಬಗ್ಗಿದಳು. "ನಿಂದೊಂದು ದಿನ ಇತ್ತಲ್ಲ, ನನ್ ಕಡಿ. ಕುರಿ ಸತ್ತ ವರ್ಷದ್ದು."

"ಅದು ಇರ್ಲಿ ಯಕ್ಕಾ." ಸೌಭಾಗ್ಯಳ ದನಿ ತೀರ ಸಣ್ಣದಾಗಿತ್ತು. "ಬ್ಯಾಡ. ಅದನ್ನ ಇಟ್ಕಾ."

ಈರಕ್ಕ ಉಳಿದ ನಾಲ್ಕು ಬುಡಗಳನ್ನು ಅವಸರವಿಲ್ಲದೆ ಕೊಯ್ದಳು. ಸೌಭಾಗ್ಯ ಮುಂದೆ ಬಂದು ಒಂದು ಬುಡಕ್ಕೆ ಕೈ ಹಾಕಲು ಹೋದಾಗ, ಮಗುವಿನ ಕೈಯನ್ನು ಒಲೆಯಿಂದ ಸರಿಸುವ ಹಾಗೆ ಮೆಲ್ಲಗೆ ಅವಳ ಕೈಯನ್ನು ಸರಿಸಿದಳು. ಹಸಿ ಹುಲ್ಲನ್ನೇ ಹುರಿಮಾಡಿ ಕೊನೆಯ ಸಿವುಡು ಕಟ್ಟಿದಳು, ತೆನೆಗಳನ್ನು ಮೂಡಣಕ್ಕೆ ಮಾಡಿ ಸೌಭಾಗ್ಯಳ ಮುಂದೆ ನೆಲಕ್ಕೆ ಇಟ್ಟಳು, ಇಟ್ಟ ನೆಲವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಕುಡುಗೋಲನ್ನು ಸೆರಗಿನಲ್ಲಿ ಒರೆಸಿ ಸೊಂಟಕ್ಕೆ ಸಿಗಿಸಿಕೊಂಡು, ಬದು ದಾಟಿ, ಇಳಿದು ಹೋದಳು.